ಮೂಡಗಾಳಿಯ ದಿನ ಎರಡು ನಲವತ್ತರ ಬಸ್ಸು

ಹೋದ ವಾರ ನನಗೆ ಬಸ್ಸು ತಪ್ಪಿತು. ಶಿಕಾರಿಪುರದಲ್ಲಿ ನನ್ನನ್ನು ಬಲ್ಲ ಯಾರಿಗೆ ಹೇಳಿದರೂ ನಂಬುವುದಿಲ್ಲ. ಉಳವಿಯಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ. ಎರಡು ನಲವತ್ತರ ಬಸ್ಸಿಗೆ ಎರಡು ಇಪ್ಪತ್ತೈದಕ್ಕೇ ಖಾಸಗಿ ಬಸ್ ನಿಲ್ದಾಣದಲ್ಲಿದ್ದೆ. ಚೀಲ ಎಡಗೈಯಲ್ಲಿ, ಛತ್ರಿ ಬಲಗೈಯಲ್ಲಿ, ಚಿಲ್ಲರೆ ಮೇಲಿನ ಜೇಬಿನಲ್ಲಿ. ಆಗ ನೀಲಗಿರಿ ದಿಮ್ಮಿ ಹೇರಿದ ಲಾರಿಯೊಂದು ಎದುರಿಗೆ ಬಂದು ನಿಂತಿತು. ಅದೇ ಬೆಳಿಗ್ಗೆ ಕಡಿದ ಮರವಿರಬೇಕು. ತೊಗಟೆ ಇನ್ನೂ ಹಸಿಯಾಗಿತ್ತು, ದಿಮ್ಮಿಗಳ ಸಂದಿಯಲ್ಲಿ ಎಲೆ ಸಿಕ್ಕಿಕೊಂಡಿತ್ತು. ಬಿಸಿಲಿಗೆ ಆ ವಾಸನೆ ಎದ್ದು ಮೂಗಿಗೆ ಬಡಿಯಿತು. ಶೀತವಾದಾಗ ಎದೆಗೆ ಹಚ್ಚುವ ಎಣ್ಣೆಯ ವಾಸನೆ. ಆ ಎಣ್ಣೆಯ ಶೀಶೆಯನ್ನು ಮನೆಯಲ್ಲಿ ಇಡುವುದನ್ನು ಬಿಟ್ಟು ನನಗೆ ನಾಲ್ಕು ವರ್ಷವಾಯಿತು. ಲಾರಿ ಮುಂದೆ ಹೋದ ಮೇಲೆ ತಿರುಗಿ ನೋಡಿದರೆ ನನ್ನ ಬಸ್ಸು ಇರಲಿಲ್ಲ. ಮೈಕಿನಲ್ಲಿ ಎರಡು ಸಲ ಕೂಗಿದರಂತೆ. ನನಗೆ ಕೇಳಿಸಿರಲಿಲ್ಲ.

ಮುಂದಿನ ಬಸ್ಸಿಗೆ ಹನ್ನೆರಡು ನಿಮಿಷ ಇತ್ತು. ಕಲ್ಲುಬೆಂಚಿನ ಮೇಲೆ ಕೂತೆ.

ಇದೇ ನಿಲ್ದಾಣದಲ್ಲಿ ನಾನು ಇಪ್ಪತ್ತಾರು ವರ್ಷ ಟೈಮ್ ಕೀಪರ್ ಆಗಿದ್ದೆ. ಅದು ಸರ್ಕಾರಿ ಕೆಲಸವಲ್ಲ. ಬಸ್ಸಿನ ಮಾಲೀಕರೆಲ್ಲ ಸೇರಿ ಇಟ್ಟುಕೊಂಡ ಮನುಷ್ಯ ನಾನು. ಒಂದೇ ದಾರಿಯಲ್ಲಿ ನಾಲ್ಕು ಮಾಲೀಕರ ಬಸ್ಸು ಓಡಿದರೆ ಒಂದೊಂದು ನಿಮಿಷಕ್ಕೂ ಜಗಳ. ಮುಂದಿನ ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಜನರನ್ನೂ ತುಂಬಿಕೊಂಡು ಹೋಗುತ್ತದೆ, ಆಮೇಲೆ ಶಿರಾಳಕೊಪ್ಪದಲ್ಲಿ ಡ್ರೈವರುಗಳು ಕಾಲರು ಹಿಡಿದುಕೊಳ್ಳುತ್ತಾರೆ. ಇದು ಆಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಮೂಲೆಯಲ್ಲಿ ಒಂದು ಚಿಕ್ಕ ಕೋಣೆ, ಒಂದು ಮೇಜು, ಗೋಡೆ ಗಡಿಯಾರ, ಒಂದು ರಿಜಿಸ್ಟರು, ಬ್ಯಾಟರಿಯಿಂದ ಓಡುವ ಒಂದು ಮೈಕು. ಕಪ್ಪು ಶಾಯಿಯಲ್ಲಿ ಬಸ್ಸು ಹೊರಟ ಸಮಯ, ತಡವಾದರೆ ಕೆಂಪು ಶಾಯಿ.

ಉಚಿತ ವಿದ್ಯಾರ್ಥಿ ನಿಲಯದಲ್ಲಿ ಬೆಳೆದವನು ನಾನು. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರು, ಐದೂಕಾಲಿಗೆ ಪ್ರಾರ್ಥನೆ. ತಡವಾಗಿ ಬಂದವನಿಗೆ ಅಂದಿನ ತಿಂಡಿ ಇಲ್ಲ. ಒಂಬತ್ತು ವರ್ಷದಲ್ಲಿ ಒಂದು ದಿನವೂ ನನಗೆ ತಿಂಡಿ ತಪ್ಪಲಿಲ್ಲ. ಆ ಹೆಮ್ಮೆಯನ್ನೇ ಇಟ್ಟುಕೊಂಡು ನಾನು ಬದುಕಿದೆ. ದಿನಾ ಬೆಳಿಗ್ಗೆ ರೇಡಿಯೋದ ಬೀಪ್ ಶಬ್ದಕ್ಕೆ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆ. ಪೇಟೆಯವರು ನನ್ನನ್ನು ನೋಡಿ ತಮ್ಮ ಗಡಿಯಾರ ತಿರುಗಿಸಿಕೊಳ್ಳುತ್ತಾರೆ ಎಂದು ಯಾರೋ ತಮಾಷೆಗೆ ಹೇಳಿದ್ದನ್ನು ನಾನು ನಿಜವೆಂದೇ ನಂಬಿದ್ದೆ.

ನಾಲ್ಕು ವರ್ಷದ ಹಿಂದಿನ ಆ ಕಾರ್ತಿಕ ಮಾಸ ಮೊದಲಿನಿಂದಲೂ ಸರಿ ಇರಲಿಲ್ಲ. ನಿಲ್ಲಬೇಕಾದ ಮಳೆ ನಿಂತಿರಲಿಲ್ಲ. ಗದ್ದೆಯಲ್ಲಿ ಭತ್ತ ಹಣ್ಣಾಗಿ ಮಲಗಿತ್ತು. ಮೆಕ್ಕೆಜೋಳದವರು ಮಾತ್ರ ಬಿಸಿಲು ಕಂಡ ಒಂದೊಂದು ಗಂಟೆಗೂ ತೆನೆ ಬಿಡಿಸಿ ರಸ್ತೆಯ ಮೇಲೆ ಹರಡುತ್ತಿದ್ದರು. ಅರ್ಧ ರಸ್ತೆಗೆ ಕಾಳು, ಅದಕ್ಕೆ ಗಡಿಯಾಗಿ ಸಾಲುಗಲ್ಲು. ಡ್ರೈವರುಗಳು ಬಂದು ನನ್ನ ಹತ್ತಿರ ದೂರುತ್ತಿದ್ದರು. "ಸಾರ್, ತಾಳಗುಂದದ ಕಡೆ ರೋಡು ಯಾವುದು, ಕಣ ಯಾವುದು ಗೊತ್ತಾಗಲ್ಲ. ಎರಡು ನಿಮಿಷ ಬಿಟ್ಟುಕೊಡ್ರಿ" ಎನ್ನುತ್ತಿದ್ದರು. ನಾನು ಬಿಟ್ಟುಕೊಡುತ್ತಿರಲಿಲ್ಲ.

ಪೂರ್ವದ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂದು ರೇಡಿಯೋದಲ್ಲಿ ಮೂರು ದಿನದಿಂದ ಹೇಳುತ್ತಿದ್ದರು. ಆಮೇಲೆ, ಅದು ದಡ ದಾಟಿತು, ದುರ್ಬಲವಾಯಿತು, ಒಳನಾಡಿನಲ್ಲಿ ಅಲ್ಲಲ್ಲಿ ಗಾಳಿ ಬೀಸಬಹುದು ಎಂದರು. ನಾನು ದುರ್ಬಲ ಎಂಬ ಮಾತನ್ನು ಹಿಡಿದುಕೊಂಡೆ. ಆ ಸಮುದ್ರ ನಮ್ಮಿಂದ ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ನಿಲ್ದಾಣದ ಚಹಾದಂಗಡಿಯವನು, "ಬರ್ಲಿ ಬಿಡ್ರಿ, ಅಷ್ಟು ದೂರದಿಂದ ಬಂದ ನೆಂಟ, ಒಂದು ಕಪ್ ಚಾ ಕೊಟ್ಟು ಕಳಿಸ್ತೀನಿ" ಎಂದು ಎಲ್ಲರನ್ನೂ ನಗಿಸುತ್ತಿದ್ದ. ನಾನೂ ನಕ್ಕೆ.

ನಮ್ಮ ಕಡೆ ಗಾಳಿ ಎಂದರೆ ಪಡುವಣದ ಗಾಳಿ. ಆಷಾಢದಲ್ಲಿ ಸೊರಬದ ಕಡೆಯಿಂದ ಮಳೆ ಹೊತ್ತುಕೊಂಡು ಬರುತ್ತದೆ. ಜನ ಮನೆಯ ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಾರೆ, ದನದ ಕೊಟ್ಟಿಗೆಯ ಬಾಗಿಲನ್ನು ಮೂಡಣಕ್ಕೆ ಇಡುತ್ತಾರೆ. ರಸ್ತೆ ಬದಿಯ ಮರಗಳೂ ಹಾಗೆಯೇ. ವರ್ಷವರ್ಷವೂ ಆ ಒಂದು ದಿಕ್ಕಿನ ಹೊಡೆತಕ್ಕೆ ಎದೆಗೊಟ್ಟು ನಿಂತು ಬೇರು ಬಿಟ್ಟಂಥವು. ಬೆನ್ನಿನಿಂದ ಹೊಡೆತ ಬೀಳುತ್ತದೆಂದು ಅವಕ್ಕೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಹನ್ನೊಂದರ ಮೇಲೆ ಮೂಡಣದಿಂದ ಸುಯ್ಯೆಂದು ಶುರುವಾಯಿತು. ಹನ್ನೆರಡೂವರೆಗೆ ಕರೆಂಟು ಹೋಯಿತು. ಒಂದೂವರೆಗೆ ಕಾಲೇಜು ಬಿಟ್ಟರು. ಎರಡರ ಹೊತ್ತಿಗೆ ನಿಲ್ದಾಣದ ತಗಡಿನ ಮಾಡು ಏಳುವುದು, ಬಡಿಯುವುದು ಮಾಡುತ್ತಿತ್ತು. ಚಹಾದಂಗಡಿಯ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಹಿಂದೆ ಒಂದು ಉರುಳಿಕೊಂಡು ಮೂತ್ರಾಲಯದ ಗೋಡೆಗೆ ಹೋಗಿ ಬಿದ್ದವು. ಜೋಳದ ಸಿಪ್ಪೆ ಆಕಾಶದಲ್ಲಿ ಹಾರುತ್ತಿತ್ತು. ನಾನು ರಿಜಿಸ್ಟರಿನ ಮೇಲೆ ಊಟದ ಡಬ್ಬಿ ಇಟ್ಟು, ಪುಟ ಹಾರದಂತೆ ನೋಡಿಕೊಂಡು ಬರೆಯುತ್ತಿದ್ದೆ.

ಎರಡು ನಲವತ್ತರ ಬಸ್ಸಿನ ಡ್ರೈವರು ಮಂಜಪ್ಪ. ಬಳ್ಳಿಗಾವಿಯವನು. ಇಪ್ಪತ್ತು ವರ್ಷದಿಂದ ಅದೇ ದಾರಿ: ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಉಳವಿ. ಅವನ ಹೆಸರಿನ ಮುಂದೆ ನಾನು ಕೆಂಪು ಶಾಯಿ ಬಳಸಿದ್ದು ಬೆರಳೆಣಿಕೆಯಷ್ಟು. ಬಸ್ಸಿನಲ್ಲಿ ಮೂವತ್ತು ಜನ ಇದ್ದರು. ಮುಂದೆ ಹೆಂಗಸರ ಸೀಟಿನಲ್ಲಿ ತಾಳಗುಂದದ ಕಡೆಯ ಕುರಿಗಾರ ಮುದುಕಿ ಕೆಂಚಮ್ಮ. ಕಾಲು ಮುರಿದ ಮರಿಯನ್ನು ದನದ ಆಸ್ಪತ್ರೆಗೆ ತಂದು ಪಟ್ಟಿ ಕಟ್ಟಿಸಿಕೊಂಡು ವಾಪಸು ಹೊರಟಿದ್ದಳು. ಪಕ್ಕದಲ್ಲಿ ಕೂತಿದ್ದ ಕಾಲೇಜಿನ ಹುಡುಗಿಯ ತೊಡೆಯ ಮೇಲೆ ಆ ಮರಿಯನ್ನು ಮಲಗಿಸಿದ್ದಳು. ಕಂಡಕ್ಟರು ತಮಾಷೆ ಮಾಡಿದ. "ಅಜ್ಜಿ, ಮರಿಗೆ ಅರ್ಧ ಟಿಕೆಟು."

"ಹಾಲು ಕುಡಿಯೋ ಕೂಸಿಗೂ ಟಿಕೆಟ್ ಕೇಳ್ತೀಯಲ್ಲೋ, ನಿಮ್ಮವ್ವ ನಿನಗ ತಗಂಡಿದ್ಲೇನು?"

ಬಸ್ಸಿನಲ್ಲಿ ನಗು. ಅದೇ ಉಸಿರಿನಲ್ಲಿ ಅವಳು ಹೊರಗೆ ನೋಡಿ ಹೇಳಿದಳು. "ಬೆಳಿಗ್ಗಿಂದ ನಮ್ಮ ಕುರಿ ಹಟ್ಟಿ ಬಿಟ್ಟು ಕದಲಿಲ್ಲಪ್ಪ. ಮೂಡ್ಲಿಗೆ ಬೆನ್ನು ಮಾಡಿ, ಒಂದರ ಹೊಟ್ಟಿಗೆ ಒಂದು ತಲಿ ಹೆಟ್ಟಿ ನಿಂತಾವ. ಇಂಥಾದ್ದು ನಾನು ಕಂಡಿಲ್ಲ."

ನಾನು ಕೋಣೆಯ ಕಿಟಕಿಯಿಂದ ಅದನ್ನು ಕೇಳಿಸಿಕೊಂಡೆ. ಕುರಿಯ ಮಾತು ಕೇಳಿ ಬಸ್ಸು ಬಿಡುವ ಕಾಲ ಬಂತಲ್ಲ ಎಂದುಕೊಂಡೆ.

ಎರಡು ಮೂವತ್ತೆಂಟಕ್ಕೆ ಮಂಜಪ್ಪ ಕಿಟಕಿಯ ಹತ್ತಿರ ಬಂದ. ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿದ್ದ.

"ಸಾರ್, ಗಾಳಿ ಉಲ್ಟಾ ಐತೆ. ಶಿರಾಳಕೊಪ್ಪದ ಈಚೆ ನೀಲಗಿರಿ ಸಾಲು ಐತಲ್ಲ, ನೆಲ ಬೇರೆ ನೆಂದು ಕೊಚ್ಚೆ ಆಗೈತೆ. ಒಂದು ಹತ್ತು ನಿಮಿಷ ನಿಲ್ಲಿಸ್ಲಾ?"

"ನಿಂತರೆ ಹಿಂದಿನ ಬಸ್ಸಿನವರು ನನ್ನ ಕುತ್ತಿಗೆ ಹಿಡೀತಾರೆ. ಟೈಮ್ ಅಂದ್ರೆ ಟೈಮ್."

"ಅವರೂ ನಿಲ್ತಾರೆ ಸಾರ್. ಬಸಣ್ಣನ ಹತ್ರ ಮಾತಾಡೀನಿ. ಇಬ್ರೂ ನಿಲ್ತೀವಿ."

ಬಸಣ್ಣ ಎರಡು ಐವತ್ತೆರಡರ ಡ್ರೈವರು. ಇಬ್ಬರೂ ನನ್ನನ್ನು ಕೇಳದೆ ಮೊದಲೇ ತಮ್ಮೊಳಗೆ ಮಾತಾಡಿಕೊಂಡಿದ್ದಾರೆ ಎಂದು ಗೊತ್ತಾದ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. ಗಾಳಿಯ ವಿಷಯ ಹಿಂದೆ ಸರಿಯಿತು, ನನ್ನ ಮಾತಿನ ವಿಷಯ ಮುಂದೆ ಬಂತು. ಮಂಜಪ್ಪ ನನ್ನ ಉತ್ತರಕ್ಕೆ ಕಾಯದೆ ತಿರುಗಿ ಹೋಗಿ ಸೀಟಿನಲ್ಲಿ ಕೂತ. ಇಂಜಿನ್ ಶುರುಮಾಡಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತುಬಿಟ್ಟ. ನನ್ನ ಗಡಿಯಾರದಲ್ಲಿ ಎರಡು ನಲವತ್ತು ಆಯಿತು. ಎರಡು ನಲವತ್ತೊಂದು ಆಗುತ್ತಿತ್ತು.

ನಾನು ಮೈಕು ತೆಗೆದುಕೊಂಡೆ.

"ಎರಡು ನಲವತ್ತು, ಶಿರಾಳಕೊಪ್ಪ, ಸೊರಬ, ಉಳವಿ. ಮಂಜಪ್ಪ, ಗಾಳಿಗೆ ಹೆದರೋ ಡ್ರೈವರಿಗೆ ಸ್ಟೇರಿಂಗ್ ಯಾಕೆ? ಬಳೆ ತೊಟ್ಕೊಂಡು ಹೆಂಗಸರ ಸೀಟಿನಲ್ಲಿ ಕೂತ್ಕೋ. ಬೇರೆ ಗಂಡಸನ್ನ ಕಳಿಸ್ತೀನಿ."

ಈ ಮಾತನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಹಿಂದೆ ಯಾರಿಗಾದರೂ ಈ ಕಥೆ ಹೇಳುವಾಗ "ಸ್ವಲ್ಪ ಗದರಿಸಿದೆ" ಎಂದಷ್ಟೇ ಹೇಳುತ್ತಿದ್ದೆ.

ಇಡೀ ನಿಲ್ದಾಣ ಕೇಳಿತು. ಆ ಗಾಳಿಯ ಸದ್ದಿನಲ್ಲೂ ಕೇಳಿತು. ಹಿಂದಿನ ಸೀಟುಗಳಲ್ಲಿ ಕೆಲವರು ಕೇಕೆ ಹಾಕಿದರು. ಕೆಂಚಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಏ ಟೈಮ್ ಸಾಹೇಬ, ಬಳಿ ತೊಟ್ಟೋರು ನಾವು ಇಲ್ಲೇ ಕುಂತೀವಿ. ನಮಗೂ ಹೆದ್ರಿಕಿ ಐತಿ. ಹತ್ತು ನಿಮಿಷ ನಿಂತ್ರ ನಿನ್ನ ಗಡಿಯಾರ ಏನ್ ಸಾಯ್ತೈತೇನು?"

ಮಂಜಪ್ಪ ನನ್ನ ಕಡೆ ನೋಡಲಿಲ್ಲ. ಒಮ್ಮೆ ತಲೆ ತಿರುಗಿಸಿ ಬಸ್ಸಿನ ಒಳಗೆ ನೋಡಿದ. ಆಮೇಲೆ ಇಂಜಿನ್ ಶುರುವಾಯಿತು. ಎರಡು ನಲವತ್ತೆರಡಕ್ಕೆ ಬಸ್ಸು ಹೊರಟಿತು. ನಾನು ಕಪ್ಪು ಶಾಯಿಯಲ್ಲಿ ಎರಡು ನಲವತ್ತು ಎಂದು ಬರೆದೆ. ಗೆದ್ದವನು ಎರಡು ನಿಮಿಷ ಬಿಟ್ಟುಕೊಡಬಹುದು ಎಂಬ ದೊಡ್ಡ ಮನಸ್ಸು ಆಗ ನನಗೆ!

ಅಲ್ಲಿಂದ ಮುಂದೆ ಒಂದು ಗಂಟೆ ಏನಾಯಿತೆಂದು ಹೇಳುವುದು ಕಷ್ಟ. ಕಿವಿಯ ಒಳಗೇ ಯಾರೋ ಕೂಗಿದಂಥ ಶಬ್ದ. ತಗಡಿನ ಮಾಡಿನಲ್ಲಿ ಮೂರು ಹಾಳೆ ಕಿತ್ತುಕೊಂಡು, ಒಂದು ಎದುರಿನ ಔಷಧದ ಅಂಗಡಿಯ ಬೋರ್ಡಿಗೆ ಹೋಗಿ ಸಿಕ್ಕಿಕೊಂಡಿತು. ವಿದ್ಯುತ್ ಕಂಬವೊಂದು ಮೆಲ್ಲಗೆ, ಯಾರೋ ಹಿಡಿದು ಇಳಿಸಿದ ಹಾಗೆ, ಬಾಗಿ ನೆಲಕ್ಕೆ ಬಂತು. ಹೆಂಗಸರು, ಮಕ್ಕಳು ನನ್ನ ಕೋಣೆಗೆ ನುಗ್ಗಿದರು. ನಾನು ಅವರನ್ನು ಸಾಲಾಗಿ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಅದೂ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸವೇ.

ಬಸಣ್ಣ ತನ್ನ ಬಸ್ಸನ್ನು ಎರಡು ಐವತ್ತೆರಡಕ್ಕೆ ತೆಗೆಯಲಿಲ್ಲ. ನನ್ನನ್ನು ಕೇಳಲೂ ಇಲ್ಲ. ಬಸ್ಸನ್ನು ಹಿಂದಕ್ಕೆ ತೆಗೆದು ಗೋದಾಮಿನ ಗೋಡೆಯ ಮರೆಗೆ ನಿಲ್ಲಿಸಿ, ಕಿಟಕಿ ಎಲ್ಲ ಮುಚ್ಚಿಸಿ ಕೂತ. ಗಾಳಿ ಇಳಿದ ಮೇಲೆ, ಮೂರು ಮೂವತ್ತಮೂರಕ್ಕೆ, ಬಸ್ಸನ್ನು ಮುಂದೆ ತಂದ. ನಾನು ಕೆಂಪು ಪೆನ್ನು ತೆಗೆದೆ. "2-52: ನಲವತ್ತೊಂದು ನಿಮಿಷ ತಡ. ಕಾರಣ: ಗಾಳಿ. ಕಾರಣ ಒಪ್ಪತಕ್ಕದ್ದಲ್ಲ" ಎಂದು ಬರೆದು, ಕೆಳಗೆ ಗೆರೆ ಎಳೆದೆ. ಸ್ಕೇಲು ಇಟ್ಟು ಎಳೆದೆ. ನಾನು ಆ ಗೆರೆ ಎಳೆಯುವಾಗ ಮಂಜಪ್ಪನ ಕಾಲಿನ ಮೇಲೆ ಮರ ಇತ್ತು.

ಸುದ್ದಿ ಬಂದದ್ದು ನಾಲ್ಕಕ್ಕೆ. ಯಾರದೋ ಬೈಕಿನ ಹಿಂದೆ ಕೂತು ಹೋದೆ. ದಾರಿಯುದ್ದಕ್ಕೂ ಗದ್ದೆಗಳು ಬಾಚಿದ ಕೂದಲಿನಂತೆ ಒಂದೇ ಕಡೆಗೆ ಮಲಗಿದ್ದವು. ರಸ್ತೆಯ ಮೇಲೆ ಹರಡಿದ್ದ ಮೆಕ್ಕೆಜೋಳ ಚರಂಡಿಯಲ್ಲಿತ್ತು, ಸಾಲುಗಲ್ಲುಗಳು ಮಾತ್ರ ಹಾಗೇ ಇದ್ದವು. ಬಳ್ಳಿಗಾವಿಗೆ ಸ್ವಲ್ಪ ಮೊದಲು ನೀಲಗಿರಿ ಸಾಲು. ಎಷ್ಟೋ ಮರಗಳು ಬುಡಸಮೇತ ಎದ್ದು, ಎಲ್ಲವೂ ಪಡುವಣಕ್ಕೆ ತಲೆ ಹಾಕಿ ಬಿದ್ದಿದ್ದವು. ಮುರಿದ ಕಾಂಡದಿಂದಲೂ ಜಜ್ಜಿದ ಎಲೆಯಿಂದಲೂ ವಾಸನೆ ಎದ್ದು ಕಣ್ಣು ಉರಿಯುತ್ತಿತ್ತು. ಬಸ್ಸು ರಸ್ತೆಗೆ ಅಡ್ಡ ನಿಂತಿತ್ತು. ಮುಂದಿನ ಗಾಜಿನಿಂದ ತೊಡೆ ದಪ್ಪದ ಕೊಂಬೆಯೊಂದು ಒಳಗೆ ಹೋಗಿತ್ತು.

ಪ್ರಯಾಣಿಕರಿಗೆ ಗಾಜಿನ ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಮೊದಲ ಮರ ಬೀಳುವುದನ್ನು ಕಂಡ ಮಂಜಪ್ಪ ಬಸ್ಸನ್ನು ನಿಲ್ಲಿಸಿದ್ದ. ನಿಂತ ಬಸ್ಸಿನ ಮೇಲೆ ಎರಡನೆಯದು ಬಿತ್ತು. ಅವನ ಬಲಗಾಲು ಬ್ರೇಕಿನ ಮೇಲೇ ಇತ್ತು. ಕೊಂಬೆ ಕಡಿದು ಅವನನ್ನು ಹೊರಗೆ ತೆಗೆಯಲು ಒಂದು ಗಂಟೆ ಹಿಡಿಯಿತಂತೆ. ನಾನು ಹೋಗುವಷ್ಟರಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಕೆಂಚಮ್ಮ ಮಾತ್ರ ರಸ್ತೆ ಬದಿಯಲ್ಲಿ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಮುಖ ತಿರುಗಿಸಿದಳು.

ಇಷ್ಟರವರೆಗಿನದನ್ನು ತಪ್ಪು ಎನ್ನಬಹುದು. ಮುಂದಿನದಕ್ಕೆ ಬೇರೆ ಹೆಸರಿದೆ.

ಸಂಜೆ ಆರಕ್ಕೆ ನಿಲ್ದಾಣಕ್ಕೆ ವಾಪಸು ಬಂದೆ. ಕೋಣೆಯ ಬಾಗಿಲು ಹಾಕಿಕೊಂಡೆ. ಮಧ್ಯಾಹ್ನ ಬಳಸಿದ ಅದೇ ಕಪ್ಪು ಪೆನ್ನನ್ನು ಹುಡುಕಿ ತೆಗೆದೆ. ಎರಡು ನಲವತ್ತರ ಸಾಲಿನ ಕೊನೆಯಲ್ಲಿ ಖಾಲಿ ಜಾಗವಿತ್ತು. ಅಕ್ಷರ ಅದೇ ಅಳತೆಯಲ್ಲಿ ಬರುವ ಹಾಗೆ ನೋಡಿಕೊಂಡು ಬರೆದೆ: "ಗಾಳಿಯ ಕಾರಣ ಕಾಯುವಂತೆ ಚಾಲಕನಿಗೆ ಸೂಚಿಸಲಾಗಿತ್ತು."

ಅಕ್ಷರಗಳು ದುಂಡಗೆ ಬಂದವು.

ಪೊಲೀಸಿನವರು ಮಾರನೆಯ ದಿನ ಬಂದು ಆ ಪುಟದ ಫೋಟೋ ತೆಗೆದುಕೊಂಡರು. ಇಪ್ಪತ್ತಾರು ವರ್ಷದ ನನ್ನ ರಿಜಿಸ್ಟರನ್ನು ಯಾರೂ ಅನುಮಾನಿಸುವಂತಿರಲಿಲ್ಲ. ಕಾಯಲು ಹೇಳಿದರೂ ಕೇಳದೆ ಬಸ್ಸು ಓಡಿಸಿದ ಎಂದು ಮಂಜಪ್ಪನ ಮೇಲೆ ಅಜಾಗರೂಕತೆಯ ಕೇಸಾಯಿತು. ಲೈಸೆನ್ಸ್ ತೆಗೆದುಕೊಂಡರು. ಮಾಲೀಕರು, "ಇಷ್ಟು ವರ್ಷದ ಡ್ರೈವರು ಹಿಂಗೆ ಮಾಡಿದ್ನಲ್ಲ" ಎಂದು ನನ್ನೆದುರಿಗೇ ಹೇಳಿದರು. ನಾನು ಹೂಂ ಎಂದೆ.

ಪೇಟೆಗೆ ಎಂಟು ದಿನ ಕರೆಂಟು ಬರಲಿಲ್ಲ. ಮೇಣದ ಬತ್ತಿ, ಸೀಮೆಎಣ್ಣೆ ದೀಪ, ಬೋರ್‌ವೆಲ್ಲಿನ ಮುಂದೆ ಕೊಡದ ಸಾಲು. ಹಳ್ಳಿಗಳಲ್ಲಿ ಜನ ಒದ್ದೆ ಜೋಳವನ್ನು ಹೆಂಚಿನ ಮೇಲೆ ಹುರಿದು ಉಳಿಸಿಕೊಳ್ಳಲು ನೋಡುತ್ತಿದ್ದರು. ಬಸ್ಸುಗಳು ಮಾತ್ರ ಎರಡೇ ದಿನದಲ್ಲಿ ಸಮಯಕ್ಕೆ ಓಡತೊಡಗಿದವು. ನಾನು ದಿನಾ ಐದಕ್ಕೆ ಏಳುತ್ತಿದ್ದೆ, ಗಡಿಯಾರ ಸರಿಮಾಡುತ್ತಿದ್ದೆ. ನಿಲ್ದಾಣದಲ್ಲಿ ಎಲ್ಲರೂ ನನ್ನ ಹತ್ತಿರ ಮೊದಲಿನಂತೆಯೇ "ನಮಸ್ಕಾರ ಸಾರ್" ಎನ್ನುತ್ತಿದ್ದರು. ಆದರೆ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. ಚಹಾದಂಗಡಿಯವನು ಲೋಟ ಮೇಜಿನ ಮೇಲಿಟ್ಟು ಹೊರಟುಬಿಡುತ್ತಿದ್ದ.

ಹನ್ನೊಂದನೆಯ ದಿನ ಬಸಣ್ಣ ಕಿಟಕಿಗೆ ಬಂದ. ಸಹಿ ಮಾಡುತ್ತ ತಲೆ ಎತ್ತದೆ ಹೇಳಿದ.

"ನನಗೆ ಕೆಂಪು ಶಾಯಿ ಹಾಕಿದ್ರಿ ಸಾರ್, ಬೇಜಾರಿಲ್ಲ. ನನ್ನ ಬಸ್ಸಿನಾಗೆ ಇದ್ದೋರೆಲ್ಲ ಮನೆ ಸೇರಿದ್ರು. ಮಂಜಣ್ಣನಿಗೆ ಕಪ್ಪು ಶಾಯೀಲಿ ಏನು ಬರೆದಿರಿ ಅನ್ನೋದೂ ಎಲ್ಲರಿಗೂ ಗೊತ್ತೈತೆ. ಯಾರೂ ಹೇಳಲ್ಲ. ನಿಮ್ಮ ಕೈಯಾಗೇ ನಾವು ದುಡೀಬೇಕಲ್ಲ."

ಅವನು ಹೋದ ಮೇಲೆ ನನಗೆ ಊಟದ ಡಬ್ಬಿ ತೆರೆಯಲಾಗಲಿಲ್ಲ. ನನ್ನ ಶಿಸ್ತಿಗೆ ಜನ ತೋರುತ್ತಿದ್ದ ಗೌರವ ಎಂದು ಇಷ್ಟು ವರ್ಷ ತಿಳಿದುಕೊಂಡದ್ದು ಇದೇ ಇರಬಹುದು: ಹೇಳದೆ ಉಳಿದ ಮಾತುಗಳು.

ಮುಂದಿನ ಭಾನುವಾರ ಬಳ್ಳಿಗಾವಿಗೆ ಹೋದೆ. ಮಂಜಪ್ಪನ ಮನೆಯ ಹೆಂಚು ಅರ್ಧ ಹಾರಿ, ಮೇಲೆ ನೀಲಿ ತಾಡಪಾಲು ಹೊದಿಸಿದ್ದರು. ಆಸ್ಪತ್ರೆಯಿಂದ ಹಿಂದಿನ ದಿನವಷ್ಟೇ ಬಂದಿದ್ದ. ಜಗುಲಿಯಲ್ಲಿ ಮಂಚದ ಮೇಲೆ ಕೂತಿದ್ದ, ಬಲಗಾಲು ತೊಡೆಯಿಂದ ಹಿಮ್ಮಡಿವರೆಗೆ ನೆಟ್ಟಗೆ ಚಾಚಿ. ಒಳಗೆ ರಾಡು ಹಾಕಿದ್ದಾರೆ, ಮಂಡಿ ಇನ್ನು ಮಡಚುವುದಿಲ್ಲ ಎಂದು ಅವನ ಹೆಂಡತಿ ಹೇಳಿದಳು. ಮಂಡಿ ಮಡಚದವನು ಬ್ರೇಕು ಒತ್ತಲಾರ.

"ಬರ್ರಿ ಸಾರ್, ಕೂತ್ಕೊಳ್ರಿ" ಎಂದ. ಮಗಳನ್ನು ಕರೆದು ಚಹಾ ತರಲು ಹೇಳಿದ. ಲೋಟ ಹಿಡಿದು ಬಂದ ಹುಡುಗಿಯನ್ನು ನೋಡಿದೆ. ಎಲ್ಲೋ ನೋಡಿದ ಮುಖ. ತೊಡೆಯ ಮೇಲೆ ಕುರಿಮರಿ ಮಲಗಿಸಿಕೊಂಡಿದ್ದವಳು.

ನನ್ನ ಮುಖ ನೋಡಿ ಮಂಜಪ್ಪನಿಗೆ ಅರ್ಥವಾಯಿತು.

"ಹೂಂ ಸಾರ್, ಇವಳೇ. ದಿನಾ ನಾಲ್ಕೂವರೆ ಬಸ್ಸಿಗೆ ಬರೋಳು. ಅವತ್ತು ಕಾಲೇಜು ಬೇಗ ಬಿಟ್ರು ಅಂತ ನನ್ನ ಬಸ್ಸಿಗೇ ಹತ್ತಿದ್ಲು." ಚಾಚಿದ ಕಾಲನ್ನು ಕೈಯಿಂದ ಒಂದಿಷ್ಟು ಸರಿಸಿಕೊಂಡ. "ನಾನು ನಿಂತುಬಿಡ್ತಿದ್ದೆ ಸಾರ್. ನೀವು ಏನಂದ್ರೂ ನಿಂತುಬಿಡ್ತಿದ್ದೆ. ಇಪ್ಪತ್ತು ವರ್ಷದಾಗೆ ನಿಮ್ಮ ಬಾಯಲ್ಲಿ ಏನೇನು ಕೇಳಿಲ್ಲ? ಒಂದು ಕಿವಿಯಾಗೆ ಕೇಳಿ ಇನ್ನೊಂದು ಕಿವಿಯಾಗೆ ಬಿಡ್ತಿದ್ವಿ. ಆದ್ರೆ ಅವತ್ತು ಇವಳು ಹಿಂದೆ ಕೂತಿದ್ಲು."

ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನನ್ನು ನೇರವಾಗಿ ನೋಡಿ ಹೇಳಿದಳು. "ಅಪ್ಪ, ಈಗ ಹೊರಡಬೇಡ ಅಂತ ನಾನೇ ಹೇಳಿದ್ದೆ ಸಾರ್. ನೀವು ಮೈಕಿನಲ್ಲಿ ಹಾಗೆ ಅಂದ ಮೇಲೆ ನನಗೂ ನಾಚಿಕೆ ಆಯ್ತು. ಸುಮ್ಮನಾಗಿಬಿಟ್ಟೆ."

ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ತನ್ನ ಮೇಲಿತ್ತು. ಹದಿನೇಳು ವರ್ಷದ ಹುಡುಗಿ ತನ್ನಪ್ಪನ ಕಾಲನ್ನು ನೋಡಿದಾಗಲೆಲ್ಲ ತಾನು ಸುಮ್ಮನಾದದ್ದನ್ನು ನೆನೆಯುವಂತೆ ಮಾಡಿದ್ದೆ. ಗಾಳಿ ಅಲ್ಲ, ಸಮಯವೂ ಅಲ್ಲ. ಆ ಬಸ್ಸನ್ನು ಮರದ ಕೆಳಗೆ ಕಳಿಸಿದ್ದು ನನ್ನ ಮಾತು. ಸಮಯಪಾಲನೆ ಎಂದು ನಾನು ಹೆಸರಿಟ್ಟುಕೊಂಡದ್ದರ ಒಳಗೆ ನಾಲ್ಕು ಜನರ ಎದುರು ಒಬ್ಬನನ್ನು ಬಗ್ಗಿಸುವ ಆಸೆ ಎಷ್ಟು ವರ್ಷದಿಂದ ಕೂತಿತ್ತೋ.

ರಿಜಿಸ್ಟರಿನ ಸಾಲು ಸುಳ್ಳು ಎಂದು ಪೊಲೀಸರಿಗೆ ಬರೆದು ಕೊಡುತ್ತೇನೆ ಎಂದೆ.

"ಕೊಡ್ರಿ ಸಾರ್. ಬ್ಯಾಡ ಅನ್ನಲ್ಲ. ಕೇಸು ಹೋದ್ರೆ ಮನೆಯೋರಿಗೆ ಸಮಾಧಾನ." ಚಹಾ ಮುಗಿಸಿ ಲೋಟ ಕೆಳಗಿಟ್ಟ. "ಆದ್ರೆ ನೀವು ಅಂದಿದ್ದು ಮೈಕಿನಲ್ಲಿ."

ಸೋಮವಾರ ಹತ್ತು ಗಂಟೆಗೆ ಠಾಣೆಗೆ ಹೋಗಿ ಹೇಳಿಕೆ ಬರೆದು ಕೊಟ್ಟೆ. ಎರಡು ಪುಟ, ಒಂದೂ ಹೊಡೆದು ಹಾಕಿದ ಅಕ್ಷರವಿಲ್ಲ. ಕೆಲವು ತಿಂಗಳ ಮೇಲೆ ಕೇಸು ಬಿದ್ದುಹೋಯಿತು, ಅವನ ಲೈಸೆನ್ಸ್ ವಾಪಸು ಬಂತು. ಅದನ್ನು ಅವನು ಮತ್ತೆ ಬಳಸಲಿಲ್ಲ. ನಾನು ಮಾತ್ರ ಹೇಳಿಕೆ ಕೊಟ್ಟ ವಾರವೇ ಕೆಲಸ ಬಿಟ್ಟಿದ್ದೆ. ಕಡೆಯ ದಿನ ಮೈಕಿನಲ್ಲಿ ಹೇಳಿಬಿಡಬೇಕೆಂದು ನಿಶ್ಚಯಿಸಿ, ಹೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮೂರೇ ವಾಕ್ಯ. ಎರಡು ನಲವತ್ತಕ್ಕೆ ಮೈಕು ಹಿಡಿದೆ, ಬೆರಳಿನಿಂದ ತಟ್ಟಿದೆ. ಜನ ತಲೆ ಎತ್ತಿದರು. ಬಸಣ್ಣ ಬೀಡಿ ಕೆಳಗಿಳಿಸಿ ನೋಡಿದ.

"ಎರಡು ನಲವತ್ತು, ಶಿರಾಳಕೊಪ್ಪ, ಸೊರಬ, ಉಳವಿ" ಎಂದೆ. ಮೈಕು ಆರಿಸಿದೆ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಮುಂದಿನ ವರ್ಷ ಮಾಲೀಕರು ನನ್ನ ಜಾಗಕ್ಕೆ ಮಂಜಪ್ಪನನ್ನು ಕೂರಿಸಿದರು. ಕೂತು ಮಾಡುವ ಕೆಲಸ, ಮಂಡಿ ಮಡಚಬೇಕಿಲ್ಲ. ನಾನೇ ಶಿಫಾರಸು ಮಾಡಿದೆ ಎಂದು ಕೆಲವರು ಹೇಳುತ್ತಾರೆ. ಮಾಡಿಲ್ಲ. ನನಗೆ ಅದು ಹೊಳೆದೂ ಇರಲಿಲ್ಲ.

ಹೋದ ವಾರ, ಕಲ್ಲುಬೆಂಚಿನಿಂದ ಎದ್ದು ಆ ಕೋಣೆಯ ಕಿಟಕಿಗೆ ಹೋದೆ. ನಾಲ್ಕು ವರ್ಷದಲ್ಲಿ ಎಷ್ಟೋ ಸಲ ಆ ನಿಲ್ದಾಣದಿಂದ ಬಸ್ಸು ಹತ್ತಿದ್ದೇನೆ, ಕಿಟಕಿಗೆ ಹೋದದ್ದು ಅದೇ ಮೊದಲು. ಮಂಜಪ್ಪ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ಅದೇ ಮೇಜು, ಅದೇ ಮೈಕು. ಕೆಂಪು ಪೆನ್ನು ಎಲ್ಲೂ ಕಾಣಲಿಲ್ಲ.

"ಎರಡು ಸಲ ಕೂಗಿದೆ ಸಾರ್. ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ" ಎಂದ.

"ಮಂಜಪ್ಪ, ಒಂದು ನಿಮಿಷ ಆ ಮೈಕು ಕೊಡು."

"ಏನು ಹೇಳೋಕೆ ಸಾರ್?"

"ಅವತ್ತು ಅಂದದ್ದನ್ನ ವಾಪಸು ತಗೊಳ್ಳೋಕೆ."

ಅವನು ನನ್ನನ್ನು ನೋಡಲಿಲ್ಲ. ಕಿಟಕಿಯಿಂದ ಹೊರಗೆ ನೋಡಿದ. ಕಾಲೇಜಿನ ಮಕ್ಕಳು, ಮೂಟೆಯ ಮೇಲೆ ಕೂತ ಹೆಂಗಸರು, ಮೊಬೈಲು ನೋಡುತ್ತ ನಿಂತ ಯಾರೋ ನಾಲ್ಕು ಜನ.

"ಅವತ್ತು ಕೇಳಿದೋರು ಯಾರೂ ಇಲ್ಲಿಲ್ಲ ಸಾರ್. ಇವರಿಗೆ ಹೇಳಿ ಏನ್ ಮಾಡ್ತೀರಿ?"

ಚೀಟಿ ಮನೆಯಲ್ಲಿ ಪೆಟ್ಟಿಗೆಯಲ್ಲಿದೆ. ಅದರ ಮೂರು ವಾಕ್ಯವೂ ನನಗೆ ಬಾಯಿಪಾಠ. ಗೋಡೆ ಗಡಿಯಾರದಲ್ಲಿ ಎರಡು ಐವತ್ತೊಂದಾಗಿತ್ತು.

"ಬಸ್ಸು ಹತ್ತಿ ಸಾರ್" ಎಂದ. ದನಿಯಲ್ಲಿ ಬಿಸಿಯೂ ಇರಲಿಲ್ಲ, ತಂಪೂ ಇರಲಿಲ್ಲ. ನಿಲ್ದಾಣದಲ್ಲಿ ಯಾರಿಗಾದರೂ ಹೇಳುವಂತೆ ಹೇಳಿದ.

ತಿರುಗಿ ನಡೆದೆ. ಮೊದಲಿನ ಹಾಗೆ ನಡೆಯಲಾಗುವುದಿಲ್ಲ ಈಗ, ಉಸಿರು ಹಿಡಿಯುತ್ತದೆ. ನಾನು ಅರ್ಧ ದಾರಿಯಲ್ಲಿರುವಾಗಲೇ ಐವತ್ತೆರಡರ ಬಸ್ಸಿನ ಇಂಜಿನ್ ಶುರುವಾಯಿತು. ಕಂಡಕ್ಟರು ಸೀಟಿ ಊದಿದ. ಆಗ ಹಿಂದಿನಿಂದ ಮೈಕು ಗರಗರ ಎಂದಿತು.

"ಎರಡು ಐವತ್ತೆರಡು, ಶಿರಾಳಕೊಪ್ಪ, ಸೊರಬ, ಉಳವಿ. ಡ್ರೈವರ್, ವಯಸ್ಸಾದೋರೊಬ್ರು ಬರ್ತಾ ಇದ್ದಾರೆ. ಒಂದು ನಿಮಿಷ ನಿಲ್ಲಿಸು."

ಇಡೀ ನಿಲ್ದಾಣ ನನ್ನ ಕಡೆ ತಿರುಗಿ ನೋಡಿತು. ಅಷ್ಟೂ ಜನರ ಎದುರು ನಾನು ಚೀಲ ಹಿಡಿದು, ನಿಧಾನವಾಗಿ, ನಿಂತ ಬಸ್ಸಿನ ಕಡೆಗೆ ನಡೆದೆ. ಒಬ್ಬಳು ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಳು.

ಕೂತು ಗಡಿಯಾರ ನೋಡಿಕೊಂಡೆ. ಬಸ್ಸು ಎರಡು ಐವತ್ತಮೂರಕ್ಕೆ ಹೊರಟಿತು.